ಗೋಣಿಯ ಕೆಳಗೆ ಯಾರು?

‘ದೀಪವನ್ನು ಯಾರ ಕೈಗೆ ಕೊಡುತ್ತೀರಿ?’

ಪರದೆಯ ಮೇಲೆ ಪ್ರಶ್ನೆ ಮೂಡಿತು. ಸೃಷ್ಟಿಯ ಬೆರಳು ಮೌಸಿನ ಮೇಲೆಯೇ ನಿಂತಿತು.

ಪ್ರಶ್ನೆಯ ಕೆಳಗೆ ನಾಲ್ಕು ಮುಖಗಳಿದ್ದವು. ವಾಡೆಯ ಯಜಮಾನ, ಅವನ ತಮ್ಮ, ದನ ಕಾಯುವ ಆಳು, ಒಲೆಯ ಮುಂದೆ ಕುಳಿತ ಆಯಿ. ನಾಲ್ಕೂ ಮುಖಗಳನ್ನು ಬರೆದವಳು ಸೃಷ್ಟಿಯೇ. ಎರಡು ದಿನಗಳಿಂದ ಮೊದಲ ಮೂವರಿಗೂ ದೀಪ ಕೊಟ್ಟು ನೋಡಿದ್ದಳು. ಪ್ರತಿ ಸಲವೂ ಆಟ ಹಳೆಯ ಮುಕ್ತಾಯಗಳಿಗೇ ಹೋಗಿ ನಿಂತಿತ್ತು.

“ಆಯಿ ಉಳದಾಳ,” ಎಂದರು ಅವಳ ಹಿಂದೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ದೇವಕ್ಕ. “ಆಕಿಗೆ ಕೊಡು.”

“ಆಯಿಗೆ ಕೊಟ್ರ ಆಟ ಮುಂದ ಹೋಗೂದಿಲ್ರಿ ಮೇಡಮ್. ಆಕಿ ಬರೇ ಚಿತ್ರರಿ. ಆಕಿಗೆ ನಾವು ಮಾತ ಬರದಿಲ್ಲ.”

“ಸೋಮವಾರದ ಮಟಾ ಬರದಿದ್ದಿಲ್ಲ. ಈಗ ಕೊಟ್ಟ ನೋಡು.”

ಸೃಷ್ಟಿ ಅಂಗೈಯ ಬೆವರನ್ನು ಓಢಣಿಗೆ ಒರೆಸಿಕೊಂಡಳು.

‘ವಾಡೇದ ಗುಟ್ಟು’ ಎಂಬ ಈ ಗೇಮ್ ಮಾಡಿದವರು ಮೂವರು. ಕಥೆ ಬರೆದವನು ವಿನೋದ, ಕಂಪ್ಯೂಟರಿನ ಕೆಲಸ ಮಾಡಿದವನು ಹನಮೇಶ, ಚಿತ್ರ ಬರೆದವಳು ಸೃಷ್ಟಿ. ಧಾರವಾಡದ ಹತ್ತಿರದ ಅಮ್ಮಿನಬಾವಿಯ ಒಂದು ಹಳೆಯ ವಾಡೆಯ, ಅಂದರೆ ದೊಡ್ಡ ಮನೆಯ, ಫೋಟೋಗಳನ್ನು ವಿನೋದ ತಂದುಕೊಟ್ಟಿದ್ದ; ಚಿತ್ರಗಳೆಲ್ಲ ಅವನ್ನು ನೋಡಿ ಬರೆದವು. ವಿನೋದ ಕಾಣೆಯಾಗಿ ಎಂಟು ದಿನವಾಗಿತ್ತು. ಅವನ ಸ್ಕೂಟರ್ ಧಾರವಾಡ ಸ್ಟೇಷನ್ನಿನ ಎದುರು ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಸೋಮವಾರ ಮಧ್ಯಾಹ್ನ ಯಾರೋ ಗೇಮಿಗೆ ಹೊಸ ಭಾಗವೊಂದನ್ನು ಸೇರಿಸಿದ್ದರು. ಐದು ಮುಕ್ತಾಯಗಳಿದ್ದ ಆಟದ ಮೊದಲ ಪುಟದಲ್ಲಿ ಈಗ ‘ಮುಕ್ತಾಯಗಳು: ಆರು’ ಎಂದಿತ್ತು.

ಹಾಗೆ ಸೇರಿಸಲು ಬೇಕಾದ ಪಾಸ್‌ವರ್ಡ್ ಗೊತ್ತಿದ್ದುದು ಈ ಮೂವರಿಗೆ ಮಾತ್ರ. ಸೃಷ್ಟಿ ಸೇರಿಸಿರಲಿಲ್ಲ. ಕಿಟಕಿಯ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದ ಹನಮೇಶ, ತಾನಲ್ಲವೆಂದು ಬೆಳಗಿನಿಂದ ಎರಡು ಸಲ ಆಣೆ ಮಾಡಿದ್ದ.

ಅವಳು ಆಯಿಯ ಮುಖವನ್ನು ಒತ್ತಿದಳು.

ಪರದೆ ಕಪ್ಪಾಯಿತು. ಹುಬ್ಬಳ್ಳಿಯ ಕಮರಿಪೇಟೆಯ ಆ ಮಹಡಿ ಕೋಣೆಯ ಕೆಳಗೆ ಗಲ್ಲಿಯಲ್ಲಿ ಹಳೇ ಪೇಪರಿನವನು ಕೂಗುತ್ತ ಹೋಗುತ್ತಿದ್ದ. ಬೆಳಗಿನ ಹನ್ನೊಂದರ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಆದರೂ ಸೃಷ್ಟಿ ಕುರ್ಚಿಯನ್ನು ದೇವಕ್ಕನವರ ಕಡೆ ಸ್ವಲ್ಪ ಸರಿಸಿಕೊಂಡಳು.

ಒಲೆಯ ಮುಂದಿನ ಆಯಿ ಎದ್ದು ನಿಂತಳು. ಅವಳು ಏಳುವ ಚಿತ್ರವನ್ನು ಸೃಷ್ಟಿ ಬರೆದಿರಲಿಲ್ಲ. ಕುಳಿತ ಚಿತ್ರವನ್ನೇ ಯಾರೋ ಕತ್ತರಿಸಿ ಜೋಡಿಸಿದ್ದರು. ಸೊಂಟದ ಹತ್ತಿರ ಸೀರೆಯ ಗೆರೆ ಕೂಡಿರಲಿಲ್ಲ.

“ಸೃಷ್ಟಿ, ಬಾ,” ಎಂದಳು ಆಯಿ.

ದನಿ ಗಂಡಸಿನದು.

“ವಿನೋದನ ದನಿ,” ಎಂದಳು ಸೃಷ್ಟಿ. ಈ ಆಟದಲ್ಲಿ ಆಡುವವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರೂ ‘ಬೀಗರ’ ಎಂದು ಕರೆಯುತ್ತಾರೆ. ಅದು ಸಾವಿರ ಜನ ಆಡಬಹುದಾದ ಆಟ. ಈ ಆರನೆಯ ಮುಕ್ತಾಯ ಮಾತ್ರ ಅವಳೊಬ್ಬಳಿಗಾಗಿ ಮಾಡಿದ್ದು.

ಆಯಿ ದೀಪ ಹಿಡಿದು ಅಂಗಳಕ್ಕೆ ಬಂದಳು. ಅಂಗಳದ ನಡುವೆ ಕಲ್ಲಿನ ಮುಚ್ಚಳವಿತ್ತು. ಅದು ಹಗೇವು, ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಳೆಯ ಕಣಜ. ಅದರ ಮುಚ್ಚಳವನ್ನಷ್ಟೇ ಸೃಷ್ಟಿ ಬರೆದಿದ್ದಳು. ಐದೂ ಮುಕ್ತಾಯಗಳಲ್ಲಿ ಅದು ತೆರೆಯುತ್ತಿರಲಿಲ್ಲ.

ಈಗ ತೆರೆಯಿತು.

ಒಳಗೆ ಚಿತ್ರವಿರಲಿಲ್ಲ, ಫೋಟೋ ಇತ್ತು. ಮೇಲಿನಿಂದ ಟಾರ್ಚು ಬಿಟ್ಟು ತೆಗೆದ ನಿಜವಾದ ಫೋಟೋ. ಗುಂಡನೆಯ ಮಣ್ಣಿನ ಗೋಡೆ, ಕೆಳಗೆ ನೆಲ, ನೆಲದ ಮೇಲೆ ಹಾಸಿದ ಒಂದು ಗೋಣಿಚೀಲ. ಗೋಣಿ ಸಮನಾಗಿರಲಿಲ್ಲ. ಅದರ ಕೆಳಗೆ ಉದ್ದಕ್ಕೆ ಏನೋ ಇತ್ತು.

ಫೋಟೋದ ಕೆಳಗೆ ಅಕ್ಷರಗಳು ಬಂದವು. ‘ಗೋಣಿಯ ಕೆಳಗೆ ಮಲಗಿರುವುದು ಯಾರು? ಹೆಣ್ಣು. ಗಂಡು.’

“ಒತ್ತಬ್ಯಾಡ, ತಡಿ,” ಎಂದ ದೇವಕ್ಕ ತಮ್ಮ ಫೋನಿನಲ್ಲಿ ಪರದೆಯ ಫೋಟೋ ತೆಗೆದುಕೊಂಡರು. ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಅದನ್ನು ದೊಡ್ಡದು ಮಾಡಿ ನೋಡಿದರು. “ಗೋಣಿ ಮ್ಯಾಲ ಏನೋ ಅಚ್ಚ ಹೊಡದಾರ. ಓದು, ನಿನ್ನ ಕಣ್ಣ ಚುರುಕ ಅದಾವು.”

“ಕೆ.ಎಸ್. ಅಂತ ಐತ್ರಿ. ಕೆಳಗ ಇಪ್ಪತ್ನಾಕು, ಇಪ್ಪತ್ತೈದು.”

“ಈ ವರ್ಷದ ಗೋಣಿ.”

ದೇವಕ್ಕ ಫೋನನ್ನು ಜೇಬಿಗೆ ಹಾಕಿದರು. ಆಮೇಲೆ ಕೇಳಿದರು, “ನಿಮ್ಮ ಕಥಿಯೊಳಗ ಕಾಣೆಯಾದಾಕಿ ಯಾರು?”

“ಗೌರವ್ವ ಅಂತರಿ. ವಾಡೇದ ಹಿರೇ ಸೊಸಿ. ಆಕಿ ಏನಾದ್ಲು ಅನ್ನೂದ ಒಗಟು.”

“ಅಂದ್ರ ಹೆಣ್ಣು ಅಂತ ಒತ್ತು.”

ಸೃಷ್ಟಿ ‘ಹೆಣ್ಣು’ ಎಂಬುದನ್ನು ಒತ್ತಿದಳು.

ದೀಪ ಆರಿತು. ಕತ್ತಲಲ್ಲಿ ಯಾರೋ ಉಸಿರಾಡುವುದು ಕೇಳಿಸಿತು. ಮೈಕಿಗೆ ಬಾಯಿ ಹಚ್ಚಿದಷ್ಟು ಹತ್ತಿರದ, ತಡೆತಡೆದು ಬಿಡುವ ಉಸಿರು. ಅದರ ಹಿಂದೆ ಎಲ್ಲೋ ದೂರದಲ್ಲಿ ಟಕ್ ಟಕ್ ಟಕ್ ಎಂದು ಯಂತ್ರದ ಪಟ್ಟೆಯೊಂದು ಬಡಿಯುವ ಸದ್ದು.

“ತಪ್ಪ ತಿಳಕೊಂಡಿ ಸೃಷ್ಟಿ,” ಎಂದು ವಿನೋದ ಪಿಸುಗುಟ್ಟಿದ. “ಎಲ್ಲಾರೂ ಹಂಗ ತಿಳಕೊಂಡಾರ.”

ಗೇಮ್ ಮುಚ್ಚಿಕೊಂಡಿತು. ಮತ್ತೆ ತೆರೆದಾಗ ಮೊದಲ ಪುಟದಲ್ಲಿ ‘ಮುಕ್ತಾಯಗಳು: ಐದು’ ಎಂದಿತ್ತು. ಆರನೆಯದು ತನ್ನನ್ನು ತಾನೇ ಅಳಿಸಿಕೊಂಡಿತ್ತು.

ಸೃಷ್ಟಿ ದೇವಕ್ಕನವರ ಕಡೆ ತಿರುಗಿದಳು. “ಅಂವ ಹಂಗ ಮಾತಾಡೂದಿಲ್ರಿ. ರೆಕಾರ್ಡ್ ಮಾಡೂಮುಂದ ಕೂಗಿ ಕೂಗಿ ಮಾತಾಡ್ತಾನ. ಬಾಜೂಕ ಯಾರೋ ಇದ್ರು. ಅವರಿಗೆ ಕೇಳಬಾರದು ಅಂತ ಹಂಗ ಮಾತಾಡ್ಯಾನ.”

“ಹೌದು, ನನಗೂ ಹಂಗ ಅನಸ್ತು. ಆ ಟಕ್ ಟಕ್ ಏನು?”

“ಹಿಟ್ಟಿನ ಗಿರಣೀದ್ರಿ,” ಎಂದ ಕಿಟಕಿಯ ಹತ್ತಿರದ ಹನಮೇಶ. “ಅಮ್ಮಿನಬಾವಿ ವಾಡೇದ ಹಿತ್ತಲಕ್ಕ ಹತ್ತಿ ಐತ್ರಿ, ಕಾಸಿಮಸಾಬನ ಗಿರಣಿ.”

ದೇವಕ್ಕ ತಿರುಗಿ ಅವನನ್ನು ನೋಡಿದರು. “ವಿನೋದ ಒಬ್ಬನ ಹೋಗಿ ವಾಡೇದ ಫೋಟೋ ತಗೊಂಡ ಬಂದಿದ್ದ, ನೀವು ಆ ಊರಿಗೆ ಕಾಲಿಟ್ಟಿಲ್ಲ. ಹಂಗಂತ ಮಂಗಳವಾರ ಬರಕೊಟ್ಟೀರಿ.”

“ವಿನೋದ ಹೇಳಿದ್ದರಿ.”

“ಗಿರಣಿ ಐತಿ ಅಂತ ಹೇಳಿದ್ನೋ, ಅದರ ಸಪ್ಪಳ ಹಿಂಗ ಇರತೈತಿ ಅಂತನೂ ಹೇಳಿದ್ನೋ?”

ಹನಮೇಶ ಕಿಟಕಿಯ ಕಡೆ ತಿರುಗಿದ. ಅವನ ಮುಖದ ಬಣ್ಣ ಇಳಿದಿತ್ತು.

“ನನಗ ಗೇಮ್ ಗೊತ್ತಿಲ್ಲ ತಮ್ಮಾ. ಸುಳ್ಳು ಗೊತ್ತೈತಿ,” ಎಂದ ದೇವಕ್ಕ ಬಾಗಿಲಲ್ಲಿದ್ದ ಕಾನ್‌ಸ್ಟೇಬಲನ್ನು ಅವನ ಹತ್ತಿರ ಕೂರಿಸಿದರು. “ಇವರು ಎಲ್ಲೂ ಹೋಗಂಗಿಲ್ಲ, ಯಾರಿಗೂ ಫೋನ್ ಮಾಡಂಗಿಲ್ಲ. ಸೃಷ್ಟಿ, ಏಳು. ಆ ವಾಡೆ ನನಗಿಂತ ನಿನಗ ಛಲೋ ಗೊತ್ತೈತಿ.”

ಜೀಪು ನವಲೂರು ದಾಟುವವರೆಗೂ ಸೃಷ್ಟಿ ಒಂದೇ ಮಾತನ್ನು ನುಂಗುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು. “ಅಂವ ಅದರೊಳಗ ಇರಬಹುದೇನ್ರಿ? ಹಗೇವದಾಗ?”

“ಅದಕ್ಕ ಮೊದಲ ಅದನ್ನ ನೋಡೂಣು,” ಎಂದರು ದೇವಕ್ಕ. “ಇದ್ರ ಒಂದೊಂದ ನಿಮಿಷಾನೂ ಬೇಕು.”

ಧಾರವಾಡ ಹಿಂದೆ ಬಿತ್ತು. ಸವದತ್ತಿ ರಸ್ತೆಯ ಎರಡೂ ಬದಿಯ ಎರೆ ಹೊಲಗಳಲ್ಲಿ ಹೆಂಗಸರು ಬಾಗಿ ಹೆಸರುಕಾಯಿ ಬಿಡಿಸುತ್ತಿದ್ದರು. ಒಬ್ಬಳು ನಡು ನೆಟ್ಟಗೆ ಮಾಡಿ ಪೊಲೀಸ್ ಜೀಪನ್ನೇ ನೋಡುತ್ತ ನಿಂತಳು.

ವಾಡೆಯ ದೊಡ್ಡ ಬಾಗಿಲು ತೆರೆದೇ ಇತ್ತು. ಹಿತ್ತಲ ಕಡೆಯಿಂದ ಟಕ್ ಟಕ್ ಟಕ್ ಎಂದು ಗಿರಣಿಯ ಸದ್ದು ಬರುತ್ತಿತ್ತು. ಸೃಷ್ಟಿ ಹೊಸ್ತಿಲಲ್ಲೇ ನಿಂತಳು. ಐದಾರು ತಿಂಗಳು ಫೋಟೋ ನೋಡಿ ನೋಡಿ ಬರೆದಿದ್ದ ಮನೆಗೆ ಅವಳು ಕಾಲಿಡುತ್ತಿದ್ದುದು ಇದೇ ಮೊದಲು. ಕಂಬಗಳೂ ತೊಲೆಗಳೂ ಗುರುತಿನವೇ. ಗಂಗಾಳ ತೊಳೆಯುವ ಕಲ್ಲು ಎಲ್ಲಿದೆಯೆಂಬುದೂ ಗೊತ್ತಿತ್ತು. ಆದರೆ ಚಿತ್ರದಲ್ಲಿ ಇಲ್ಲದ್ದೊಂದು ಇಲ್ಲಿತ್ತು, ಹಳೆಯ ಕಾಳಿನ ಮುಗ್ಗಲು ವಾಸನೆ.

“ಬರ್ರಿ ಮೇಡಮ್ಮಾರ. ಬಿಸಲಾಗ ಬಂದೀರಿ.”

ವಾಡೆಯ ಯಜಮಾನ ಕುಬೇರಪ್ಪ ಪಡಸಾಲೆಯಿಂದ ಇಳಿದು ಬಂದ. ಅರವತ್ತೈದು ದಾಟಿದ ಎತ್ತರದ ಆಳು. ಹಣೆಯ ತುಂಬ ವಿಭೂತಿ, ಬೆಳ್ಳಗಿನ ಧೋತರ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ಅವನ ಕಾಳಿನ ಅಂಗಡಿಗೆ ಒಳ್ಳೆಯ ಹೆಸರಿತ್ತು.

“ಸಂಗವ್ವಾ, ಚಾ ಇಡು,” ಎಂದು ಅವನು ಒಳಗೆ ಕೂಗಿದ.

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಬಂದು ನಿಂತರು. ಸೃಷ್ಟಿ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಅದೇ ಮೂಗುಬೊಟ್ಟು, ಅದೇ ಒಳಕ್ಕೆ ಹೋದ ಗಲ್ಲ. ವಿನೋದ ತಂದುಕೊಟ್ಟಿದ್ದ ಫೋಟೋ ನೋಡಿ ಅವಳು ಆಯಿಯ ಮುಖ ಬರೆದಿದ್ದಳು. ಆ ಮುಖ ಈಗ ಅವಳನ್ನೇ ನೋಡುತ್ತಿತ್ತು. ಸಂಗವ್ವ ಒಳಗೆ ಹೋದರು.

“ಚಾ ಆಮ್ಯಾಲ,” ಎಂದರು ದೇವಕ್ಕ. ಅವರು ಆಗಲೇ ಅಂಗಳದ ನಡುವಿನ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತಿದ್ದರು. ಮುಚ್ಚಳದ ಸುತ್ತ ಸಿಮೆಂಟು ಮೆತ್ತಿತ್ತು. ಅದರ ಮೇಲೆ ತೆಳ್ಳಗೆ ಹಸಿರು ಪಾಚಿ ಕಟ್ಟಿತ್ತು. ಉಗುರಿನಿಂದ ಅದನ್ನು ಕೆರೆದು ಸೃಷ್ಟಿಯ ಕಡೆ ನೋಡಿದರು. “ಇದು ಎಂಟ ದಿನದ್ದಲ್ಲ. ಮಳಿಗಾಲ ನೋಡೇತಿ. ನಿಮ್ಮ ಹುಡುಗ ಇದರಾಗಿಲ್ಲ.”

ಸೃಷ್ಟಿಯ ಕಣ್ಣುಗಳು ತುಂಬಿದವು. ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆಯೇ ಹಾಗಾದರೆ ಅವನೆಲ್ಲಿ ಎಂಬ ಪ್ರಶ್ನೆ ಎದ್ದಿತು.

“ಸಾವ್ಕಾರ್ರ, ಈ ಹಗೇವು ಕಡೀಕ ತಗದದ್ದು ಯಾವಾಗರಿ?”

“ಮೊನ್ನೆ ನಿಮ್ಮವರು ಬಂದಾಗ ಹೇಳೇನಲ್ರಿ. ನಮ್ಮಪ್ಪನ ಕಾಲಕ್ಕ.”

“ಸಿಮೆಂಟ?”

“ಇಲಿ ಹೊಗತಾವ ಅಂತ ಮೆತ್ತಿಸಿದ್ನಿ. ಹಳೇದ್ರಿ ಅದು.”

ದೇವಕ್ಕ ಫೋನನ್ನು ಅವನ ಮುಂದೆ ಹಿಡಿದರು. “ಇದು ಯಾರ ಅಂಗಡಿ ಗೋಣಿರಿ?”

ಕುಬೇರಪ್ಪ ನೋಡಿದ. ಬಹಳ ಹೊತ್ತು ನೋಡಿದ.

“ನಮ್ಮದು.”

“ವರ್ಷ ಓದ್ರಿ.”

ಅವನು ಮುಖ ತಿರುಗಿಸಿದ.

“ನಿಮ್ಮಪ್ಪ ತೀರಿಕೊಂಡು ಎಷ್ಟ ವರ್ಷ ಆತು?”

“ನಲವತ್ತೊಂದು.” ಅವನು ಮೆಲ್ಲಗೆ ಪಡಸಾಲೆಯ ಕಟ್ಟೆಯ ಮೇಲೆ ಕುಳಿತ. “ಸಾಕ್ರಿ. ಹೇಳ್ತೇನಿ. ಮನಿ ಮಾನದ ಮಾತು, ಅದಕ್ಕ ಮುಚ್ಚಿಟ್ಟೆ.”

ಅವನು ಹೇಳಿದ್ದು ಇಷ್ಟು. ಅವನಿಗೆ ಶಿವಯೋಗೆಪ್ಪ ಎಂಬ ಅಣ್ಣನಿದ್ದ. ಅಣ್ಣನ ಹೆಂಡತಿ ಉಡಚವ್ವ. ಮೂವತ್ತೆಂಟು ವರ್ಷಗಳ ಹಿಂದೆ ಒಂದು ದಿನ ಉಡಚವ್ವ ಮನೆಯಿಂದ ಕಾಣೆಯಾದಳು. ಯಾರ ಜೊತೆಗೋ ಓಡಿಹೋದಳೆಂದು ಊರು ಆಡಿಕೊಂಡಿತು. ಅವಳನ್ನು ಹುಡುಕಿಕೊಂಡು ಹೋದ ಅಣ್ಣನೂ ಮರಳಲಿಲ್ಲ. ಸಂಸಾರ ಬಿಟ್ಟಿದ್ದೇನೆ, ಶ್ರೀಶೈಲದಲ್ಲಿದ್ದೇನೆ, ನನ್ನನ್ನು ಹುಡುಕಬೇಡಿರಿ ಎಂದು ಕಾಗದ ಬರೆದ. ವರ್ಷಕ್ಕೊಂದರಂತೆ ಆರು ಕಾಗದ ಬಂದವು, ಆಮೇಲೆ ನಿಂತವು.

“ಈ ಶಿವರಾತ್ರಿ ಆದ ಮ್ಯಾಲ ವಿನೋದ ಬಂದ. ಗೇಮಿಗೆ ಬೇಕು, ಹಗೇವದ ಒಳಗಿಂದ ಫೋಟೋ ತಗೀತೇನಿ ಅಂದ. ತಗಸಿದ್ನಿ. ಬ್ಯಾಟರಿ ಬಿಟ್ಟ ನೋಡಿದ್ರ, ಕೆಳಗ ಎಲಬು. ಹಸರ ಬಳಿ. ನಮ್ಮ ಉಡಚವ್ವ ವೈನಿ ಬಳಿ ಅವು.” ಅವನು ಕೈಯಿಂದ ಮುಖ ಒರೆಸಿಕೊಂಡ. “ವೈನಿ ಎಲ್ಲೂ ಓಡಿ ಹೋಗಿದ್ದಿಲ್ರಿ. ನಮ್ಮಣ್ಣನ ಆಕೀನ ಕೊಂದು ಇದರಾಗ ಹಾಕಿ, ತಾ ಖಾವಿ ಉಟಗೊಂಡ. ಅಣ್ಣನ ಹೆಸರು ಕೆಡತೈತಿ ಅಂತ ಒಂದ ಗೋಣಿ ಒಗದು ಮುಚ್ಚಿಸಿದ್ನಿ. ವಿನೋದಗ ಕೈ ಮುಗದೆ, ಯಾರ ಮುಂದೂ ಹೇಳಬ್ಯಾಡ ಅಂತ.”

“ಅಂವ ಒಪ್ಪಿದ್ನೇನು?”

“ಆವತ್ತ ಒಪ್ಪಿದ. ಆಮ್ಯಾಲ ಏನಾದನೋ ನನಗ ಗೊತ್ತಿಲ್ರಿ, ಲಿಂಗದ ಆಣಿ.”

ಅವನ ದನಿಯಲ್ಲಿ ದುಃಖವಿತ್ತು. ಸೃಷ್ಟಿಗೆ ಅವನನ್ನು ನಂಬಬೇಕೆನಿಸಿತು. ಆದರೆ ‘ತಪ್ಪ ತಿಳಕೊಂಡಿ’ ಎಂಬ ಪಿಸುಮಾತು ಕಿವಿಯಿಂದ ಹೋಗಿರಲಿಲ್ಲ.

“ತಗೀರಿ ಅದನ್ನ,” ಎಂದರು ದೇವಕ್ಕ.

ಜೀಪಿನ ಡ್ರೈವರ್ ಹಜರತಅಲಿ ಹಾರೆ ತಂದು ಸಿಮೆಂಟು ಒಡೆದ. ಕಲ್ಲು ಸರಿದ ಕೂಡಲೇ ಒಳಗಿನಿಂದ ಬಿಸಿಯಾದ, ಹುಳಿಹುಳಿ ವಾಸನೆ ಮೇಲೆ ಬಂತು.

“ದೂರ ಸರೀರಿ. ಮೊದಲ ದೀಪ ಬಿಡ್ರಿ,” ಎಂದ ಕುಬೇರಪ್ಪ. “ಇದರಾಗ ಕೆಟ್ಟ ಗಾಳಿ ತುಂಬಿರತೈತಿ. ಇಳದಾವ ಏಳೂದಿಲ್ಲ.”

ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿದರು. ಒಂದಾಳು ಆಳ ಇಳಿಯುವಷ್ಟರಲ್ಲಿ ಉರಿ ನೀಲಿಯಾಗಿ, ಸಣ್ಣದಾಗಿ, ಆರಿತು. ಕೆಳಗಿನ ಕತ್ತಲು ಅದನ್ನು ನುಂಗಿದ್ದನ್ನು ಸೃಷ್ಟಿ ಕಣ್ಣಾರೆ ಕಂಡಳು. ಕಂಬ ಹಿಡಿದುಕೊಂಡಳು.

“ಯಾರೂ ಇಳಿಯೂದ ಬ್ಯಾಡ. ಬೆಳಗಾಂವಿಂದ ಅದಕ್ಕಂತನ ಇರೋ ಮಂದಿ ಬರ್ತಾರ,” ಎಂದರು ದೇವಕ್ಕ. “ಸೃಷ್ಟಿ, ನಿನ್ನ ಫೋನಿನಾಗ ಬ್ಯಾಟರಿ ಹಚ್ಚಿ ವಿಡಿಯೋ ಚಾಲೂ ಮಾಡು. ಅದನ್ನ ಇಳಸೂಣು.”

ಫೋನನ್ನು ಬುಟ್ಟಿಗೆ ಕಟ್ಟಿ ಹಗ್ಗದಿಂದ ಬಿಟ್ಟರು. ಬೆಳಕು ಗೋಡೆಯ ಮೇಲೆ ಗಿರಗಿರ ತಿರುಗುತ್ತ ಇಳಿಯಿತು. ದೇವಕ್ಕ ಹಗ್ಗವನ್ನು ಅತ್ತಿತ್ತ ಅಲುಗಿಸಿದರು. ಬುಟ್ಟಿಯ ಅಂಚು ತಗುಲಿ ಗೋಣಿ ಒಂದು ಬದಿಗೆ ಸರಿಯಿತು. ಎರಡು ನಿಮಿಷದ ಮೇಲೆ ಮೇಲಕ್ಕೆಳೆದರು.

ಕಟ್ಟೆಯ ಮೇಲೆ ಕುಳಿತು ವಿಡಿಯೋ ನೋಡಿದರು. ಸೃಷ್ಟಿ ನೋಡಲಾರೆನೆಂದುಕೊಂಡೇ ನೋಡಿದಳು. ಮಣ್ಣಿನ ಬಣ್ಣಕ್ಕೆ ತಿರುಗಿದ ಎಲುಬು. ಪಕ್ಕೆಲುಬಿನ ಗೂಡು. ಅದರ ಮೇಲೆ ಒಂದರ ಮೇಲೊಂದು ಜೋಡಿಸಿಟ್ಟಂತೆ ಹಸಿರು ಗಾಜಿನ ಬಳೆಗಳು.

“ನಿಲ್ಲಿಸು. ಬಳಿ ಎಣಸು.”

“ಹನ್ನೆರಡು ಅದಾವ್ರಿ.”

“ಒಡದದ್ದು?”

ಸೃಷ್ಟಿ ಮತ್ತೆ ಎಣಿಸಿದಳು. “ಒಂದೂ ಒಡದಿಲ್ರಿ.”

ದೇವಕ್ಕ ಕನ್ನಡಕ ತೆಗೆದು ಕುಬೇರಪ್ಪನನ್ನು ನೋಡಿದರು. “ಹದಿನೈದ ಫೂಟ ಮ್ಯಾಲಿಂದ ಹೆಣಾ ಒಗದ್ರ ಕೈಯಾಗಿನ ಗಾಜಿನ ಬಳಿ ಒಂದೂ ಒಡಿಯೂದಿಲ್ಲ ಅಂದ್ರ ನಾ ನಂಬಬೇಕೇನ್ರಿ ಸಾವ್ಕಾರ್ರ? ಈ ಬಳಿ ಕೈಯಾಗಿಲ್ಲ. ಎದಿ ಎಲಬಿನ ಮ್ಯಾಲ ಅದಾವು. ಯಾರೋ ಆಮ್ಯಾಲ ಹಗ್ಗಕ್ಕ ಕಟ್ಟಿ ಇಳಿಸಿ ಇಟ್ಟಾರ. ನೋಡಿದವರು ಹೆಣ್ಣ ಅಂತ ತಿಳೀಲಿ ಅಂತ.”

“ಇರಲಿಕ್ಕಿಲ್ರಿ.”

“ಮುಂದ ಬಿಡು ಸೃಷ್ಟಿ. ಕಾಲ ಕಡೆ.”

ಬೆಳಕು ಸರಿಯಿತು. ಎರಡು ಚಪ್ಪಲಿಗಳು ಕಂಡವು. ತೊಗಲು ಮುರುಟಿ ಕರ್ರಗಾಗಿತ್ತು. ದಪ್ಪ ಅಟ್ಟೆ, ಹಿಮ್ಮಡಿಯಲ್ಲಿ ಕಬ್ಬಿಣದ ಲಾಳ. ಒಂದೊಂದೂ ಗೇಣಿಗಿಂತ ಉದ್ದ.

“ಲಾಳದ ಚಪ್ಪಲಿ ಯಾವ ಸೊಸಿ ಹಾಕ್ಕೊತಾಳ್ರಿ? ಇದು ಗಂಡಸು.”

ಹಿತ್ತಲ ಗಿರಣಿ ಅಷ್ಟೊತ್ತಿಗೆ ನಿಂತಿತು.

“ಇವು ಯಾರ ಚಪ್ಪಲಿ?” ಎಂದು ದೇವಕ್ಕ ಮೆಲ್ಲಗೆ ಕೇಳಿದರು.

ಕುಬೇರಪ್ಪ ಕಟ್ಟೆಯ ಕೆಳಗೆ ನೋಡಿದ. ಅವನ ತುಟಿ ಅದುರುತ್ತಿತ್ತು. ಅವನಿಗೆ ಆ ಚಪ್ಪಲಿ ಹೊಸದಲ್ಲವೆಂದು ಸೃಷ್ಟಿಗೂ ತಿಳಿಯಿತು. ಯಾವುದೋ ಬೆಳಗಿನಲ್ಲಿ ಇದೇ ಕಟ್ಟೆಯ ಕೆಳಗೆ ಬಿಟ್ಟಿದ್ದ ಅವನ್ನು ಅವನು ದಾಟಿಕೊಂಡು ಓಡಾಡಿದ್ದಿರಬೇಕು.

“ನಿಮ್ಮಣ್ಣ ಶ್ರೀಶೈಲಕ್ಕ ಹೋಗಿಲ್ಲ,” ಎಂದರು ದೇವಕ್ಕ. “ಮನಿ ಅಂಗಳಾನೂ ದಾಟಿಲ್ಲ. ಹಂಗಾದ್ರ ಆ ಆರ ಕಾಗದ ಯಾರು ಬರದ್ರು?”

“ನಾ ಬರದಿಲ್ರಿ.”

“ನಾ ಕೇಳಿದ್ದು ನೀವು ಬರದ್ರೇನು ಅಂತಲ್ಲ. ಯಾರು ಬರದ್ರು ಅಂತ.”

ಅವನು ತಲೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಅವನು ಹೆದರಿದ್ದಾನೆ ಎಂದು ಸೃಷ್ಟಿಗೆ ಅನಿಸಿತು. ಆದರೆ ಅವನ ಕಣ್ಣು ದೇವಕ್ಕನವರ ಮೇಲಿರಲಿಲ್ಲ. ಮತ್ತೆ ಮತ್ತೆ ಅಂಗಳದ ಮೂಲೆಗೆ, ಅಲ್ಲಿಂದ ಮೇಲೆ ಹೋಗುವ ಮಣ್ಣಿನ ಮೆಟ್ಟಿಲುಗಳ ಕಡೆಗೆ ಹೋಗುತ್ತಿತ್ತು.

ಅಡುಗೆಮನೆಯ ಬಾಗಿಲು ಸದ್ದಾಯಿತು. ಸಂಗವ್ವ ಹೊರಗೆ ಬಂದರು. ಕೈಯಲ್ಲಿ ಚಹಾ ಇರಲಿಲ್ಲ, ಅರಿವೆ ಮುಚ್ಚಿದ ಊಟದ ಗಂಗಾಳವಿತ್ತು. ತೆರೆದ ಹಗೇವಿನ ಕಡೆಗಾಗಲಿ ಪೊಲೀಸರ ಕಡೆಗಾಗಲಿ ನೋಡದೆ ಅವರು ಅಂಗಳ ದಾಟಿ ಮೆಟ್ಟಿಲ ಕಡೆ ನಡೆದರು.

“ಸಂಗವ್ವಾ,” ಎಂದ ಕುಬೇರಪ್ಪ. ಆ ದನಿಯಲ್ಲಿ ಗಂಡನ ಅಧಿಕಾರವಿರಲಿಲ್ಲ, ಬೇಡಿಕೆಯಿತ್ತು. “ಈಗ ಬ್ಯಾಡ. ಒಳಗ ಹೋಗು.”

“ಹೊತ್ತಾತಲ್ಲ,” ಎಂದರು ಸಂಗವ್ವ. “ಊಟದ ಹೊತ್ತ ತಪ್ಪಿದ್ರ ಆಕಿ ಸಿಟ್ಟ ಮಾಡ್ತಾಳ.”

“ಯಾರ್ರಿ ಅಮ್ಮಾ?” ಎಂದು ದೇವಕ್ಕ ಎದ್ದು ನಿಂತರು.

ಸಂಗವ್ವ, ಇದೂ ಒಂದು ಪ್ರಶ್ನೆಯೇ ಎಂಬಂತೆ ಅವರನ್ನು ನೋಡಿದರು. “ನಮ್ಮ ಉಡಚಕ್ಕ.”

ಹಜರತಅಲಿಯ ಕೈಯಿಂದ ಹಾರೆ ಕೆಳಗೆ ಬಿತ್ತು.

ಸೃಷ್ಟಿಗೆ ಎಲ್ಲಿಂದ ಧೈರ್ಯ ಬಂತೋ, ಸಂಗವ್ವನವರ ಎದುರಿಗೆ ಹೋಗಿ ನಿಂತಳು. “ಅಮ್ಮಾರ, ಹುಬ್ಬಳ್ಳಿ ಹುಡುಗ. ವಿನೋದ. ಅಂವನೂ ಮ್ಯಾಲ ಅದಾನೇನ್ರಿ?”

“ಅದಾನ ಯವ್ವಾ.” ಸಂಗವ್ವನವರ ಮುಖ ಮೆದುವಾಯಿತು. “ಅಂವಗೂ ದಿನಾ ತಗೊಂಡ ಹೋಗತಿದ್ನಿ. ಸೋಮವಾರದ ಮಟಾ ಕಂಪ್ಯೂಟರ್ ತೊಡಿಮ್ಯಾಲ ಇಟಗೊಂಡ ಕುಂತಿರತಿದ್ದ. ನಿನ್ನೆ ಸಂಜೀಲಿಂದ ಒಂದ ತುತ್ತ ಮುಟ್ಟಿಲ್ಲ, ಕರದ್ರ ಓ ಅನ್ನೂದಿಲ್ಲ. ಅಂವಗ ಇನ್ನ ಬ್ಯಾಡ ಅಂದ್ಲು ಅಕ್ಕ. ಅದಕ್ಕ ಒಂದ ಗಂಗಾಳ ತಂದೇನಿ.”

ಸೃಷ್ಟಿ ಓಡಿದಳು.

“ನಿಲ್ಲು ಸೃಷ್ಟಿ,” ಎಂದು ದೇವಕ್ಕ ಕೂಗಿದ್ದು ಹಿಂದೆ ಕೇಳಿಸಿತು. ಮೆಟ್ಟಿಲು ಕಡಿದಾಗಿದ್ದವು, ಸವೆದಿದ್ದವು. ಅವಳು ಎರಡು ಸಲ ಜಾರಿದಳು. ಮೇಲೆ ಅಟ್ಟದ ಕೊನೆಗೆ ತೇಗದ ಬಾಗಿಲೊಂದೇ ಇತ್ತು. ಕುಬೇರಪ್ಪನ ಸೊಂಟದ ಗೊಂಚಲಿನಲ್ಲಿ ಇದರ ಬೀಗದ ಕೈ ಇರಬೇಕೆಂದು ಅವಳು ಬಾಗಿಲಿನ ಮೇಲೆ ಕೈಯಾಡಿಸಿ ಬೀಗ ಹುಡುಕಿದಳು.

ಹೊರಗೆ ಬೀಗ ಇರಲಿಲ್ಲ. ಬೀಗ ಹಾಕಲು ಕೊಂಡಿಯೂ ಇರಲಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು.

“ವಿನೋದ,” ಎಂದು ಅವಳು ಎರಡೂ ಕೈಗಳಿಂದ ಬಡಿದಳು. “ವಿನೋದ, ನಾನು ಸೃಷ್ಟಿ. ಮಾತಾಡು.”

ಒಳಗೆ ಹೊರಸು ಕಿರುಗುಟ್ಟಿತು. ಯಾರೋ ಎದ್ದರು. ಅವಸರವಿಲ್ಲದ ಹೆಜ್ಜೆಗಳು ನೆಲ ಸವರುತ್ತ ಬಂದು ಬಾಗಿಲಿನ ಆ ಕಡೆ ನಿಂತವು. ಮರದ ಸೀಳಿನಿಂದ ಗಂಧದ ಕಡ್ಡಿಯ ವಾಸನೆ ಬಂತು. ಸೃಷ್ಟಿ ಉಸಿರು ಬಿಗಿಹಿಡಿದಳು. ಆ ಕಡೆಯವರ ಉಸಿರು ಅವಳಿಗೆ ಕೇಳಿಸುತ್ತಿತ್ತು.

“ಕುಬೇರಾ,” ಎಂದು ಒಳಗಿನಿಂದ ಒಬ್ಬ ಹೆಂಗಸು ಕರೆದಳು. ವಯಸ್ಸಾದ, ನಿಧಾನದ, ಮನೆಯ ಯಜಮಾನಿಯ ದನಿ. “ಈ ಹುಡುಗೀನ ಕೆಳಗ ಕರಕೊಂಡ ಹೋಗು. ಇಲ್ಲಾಂದ್ರ ನಿಮ್ಮಣ್ಣನ ಕಾಗದ ಬರದಂಗ ಇವರಿಬ್ಬರ ಕಾಗದಾನೂ ನಾನ ಬರೀಬೇಕಾಗತೈತಿ.”